ಸುರ್‌ಸ್ಟ್ರೋಮಿಂಗ್ ಡಬ್ಬಿ ತೆರೆಯುವವರಿಗೆ

ಸ್ವೀಡನ್ನಿನಲ್ಲಿರುವವರೇ, ಸುರ್‌ಸ್ಟ್ರೋಮಿಂಗ್ (ಹುಳಿಸಿದ, ಗಬ್ಬು ವಾಸನೆಯ ಹೆರಿಂಗ್ ಮೀನು) ಡಬ್ಬಿಯನ್ನು ಮನೆಯೊಳಗೆ ತೆರೆಯಲೇಬೇಡಿ. ಹೊರಗೆ ಬಕೆಟ್ ತುಂಬಾ ನೀರಿಟ್ಟು, ಡಬ್ಬಿಯನ್ನು ಪೂರ್ತಿ ಮುಳುಗಿಸಿ, ನೀರಿನೊಳಗೇ ತೆರೆಯಿರಿ. ಈ ಹೆರಿಂಗ್ ಮೀನು ಡಬ್ಬಿಗೆ ಹಾಕಿದ ಮೇಲೂ ಹುಳಿಯುತ್ತಲೇ ಇರುತ್ತದೆ. ಗ್ಯಾಸ್ ತುಂಬಿ ಮುಚ್ಚಳ ಉಬ್ಬಿರುತ್ತದೆ. ನೀರಿಲ್ಲದಿದ್ದರೆ ಆ ರಸ ಪಿಚಕಾರಿ ಹಾಗೆ ನೇರ ಅಂಗಿಗೇ! ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿದ್ದರೆ ಒತ್ತಡ ಇನ್ನೂ ಕಡಿಮೆ. ಆಮೇಲೆ ಮೀನು ತೊಳೆದು, ಮುಳ್ಳು ತೆಗೆದು, ಬೆಣ್ಣೆ ಸವರಿದ ತೆಳು ರೊಟ್ಟಿಯಲ್ಲಿ ಬೇಯಿಸಿದ ಆಲೂಗಡ್ಡೆ, ಹಸಿ ಈರುಳ್ಳಿ ಜೊತೆ ಸುತ್ತಿ ತಿನ್ನಿ. ಸುಮ್ನೆ ಮೀನನ್ನೇ ಬಾಯಿಗೆ ಹಾಕಿಕೊಂಡು ಮುಖ ಕಿವುಚುವವರೇ ಜಾಸ್ತಿ. ಆದರೆ ನೀರು ತಡೆಯುವುದು ಸಿಡಿತವನ್ನು, ವಾಸನೆ ಪೂರ್ತಿ ಹೋಗಲ್ಲ. ಬಾಲ್ಕನಿಯಲ್ಲಿ ಮಾಡಿದರೆ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ಒಣಮೀನು ಸುಟ್ಟಾಗ ನಮ್ಮೂರಲ್ಲೂ ಅಷ್ಟೇ ಅಲ್ವಾ?