ಮಗುವಿಗೆ ರಾತ್ರಿ ಎಲುಬು ನೋವಾ? ಇಂಗ್ಲೆಂಡಿಗೆ ಬಂದ ರಾಯಚೂರು ಕಡೆಯವರಿಗೆ

ನೋವು ರಾತ್ರಿ ಜಾಸ್ತಿಯಾಗಿ ಐಬುಪ್ರೊಫೇನ್ ಕೊಟ್ಟ ಕೂಡಲೇ ಇಳಿದರೆ, ಅದನ್ನು ಜಿಪಿಗೆ (ನೀವು ಹೆಸರು ನೋಂದಾಯಿಸಿದ ಹತ್ತಿರದ ಡಾಕ್ಟರಿಗೆ) ಬಿಡಿಸಿ ಹೇಳಿ. ಆಸ್ಟಿಯಾಯ್ಡ್ ಆಸ್ಟಿಯೋಮಾ ಎಂಬ ಎಲುಬಿನ ಚಿಕ್ಕ ಗಡ್ಡೆಯ ಗುರುತು ಇದಾಗಿರಬಹುದು. ಆ ಗಡ್ಡೆ ಕ್ಯಾನ್ಸರ್ ಅಲ್ಲ, ಆದರೆ ಅದೇ ಹೌದೋ ಅಂತ ಡಾಕ್ಟರೇ ನೋಡಿ ಹೇಳಬೇಕು. ಗಡ್ಡೆ ತೊಡೆಸಂದಿಯ ಹತ್ತಿರ ಇದ್ದರೂ ಮಗು ಮೊಣಕಾಲು ಹಿಡಿದು ಅಳಬಹುದು. ಆಗ ಮೊಣಕಾಲಿನ ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ಗಡ್ಡೆ ಚೆನ್ನಾಗಿ ಕಾಣುತ್ತದೆ. ಊರಿಂದ ತಂದ ಆಸ್ಪಿರಿನ್ ಮಾತ್ರ 16 ವರ್ಷದೊಳಗಿನವರಿಗೆ ಕೊಡಬೇಡಿ.

ಚಿಕಿತ್ಸೆ ಸರಳ. ಅರಿವಳಿಕೆ ಕೊಟ್ಟು, ಸಿಟಿ ನೋಡುತ್ತಾ ಗಡ್ಡೆಯೊಳಗೆ ಸೂಜಿ ಇಳಿಸುತ್ತಾರೆ. ಅದರ ತುದಿಯನ್ನು ಸುಮಾರು 90 ಡಿಗ್ರಿಗೆ ಕಾಯಿಸಿ ಕೆಲವು ನಿಮಿಷ ಇಟ್ಟರೆ ಗಡ್ಡೆ ಸಾಯುತ್ತದೆ. ಹೆಚ್ಚಿನವರು ಅಂದೇ ಅಥವಾ ಮರುದಿನ ಮನೆಗೆ ಹೋಗುತ್ತಾರೆ.

ಕಷ್ಟ ಇರುವುದು ಅಲ್ಲಿಗೆ ಮುಟ್ಟುವುದರಲ್ಲಿ. ಜಿಪಿ ಬರೆದುಕೊಡದೆ ತಜ್ಞರು ನೋಡುವುದಿಲ್ಲ. 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಎಂಬುದು ಗುರಿ, ಆದರೆ ಬಹಳ ಜನ ಅದಕ್ಕಿಂತ ಹೆಚ್ಚು ಕಾಯುತ್ತಾರೆ. ಹೀಗೆ ಕಾಯುವಾಗಲೇ ನಮ್ಮವರು ಎಡವುತ್ತಾರೆ. ಸಿಂಧನೂರಿನ ಒಂದು ಕುಟುಂಬ ಬಾಡಿಗೆ ಮನೆ ಬದಲಿಸಿತು, ಬೇಸಿಗೆ ರಜೆಗೆ ಊರಿಗೂ ಹೋಯಿತು. ಆಸ್ಪತ್ರೆಯ ಪತ್ರ ಹಳೆ ಮನೆಗೆ ಬಂದು ಬಿದ್ದಿತ್ತು. ವಾಪಸ್ ಬರುವಷ್ಟರಲ್ಲಿ ಹುಡುಗನ ಹೆಸರಿನ ಮುಂದೆ "ಬರಲಿಲ್ಲ" ಎಂದು ಬರೆದು ಜಿಪಿಗೆ ಮರಳಿಸಿದ್ದರು. ಮತ್ತೆ ಹೊಸ ಚೀಟಿ, ಮತ್ತೆ ಸರದಿಯ ಕೊನೆ. ಆ ಹುಡುಗ ಅಷ್ಟೂ ತಿಂಗಳು ರಾತ್ರಿ ನಿದ್ದೆಗೆಟ್ಟ.

ರಾಯಚೂರಲ್ಲಿ ಇವತ್ತು ತಪ್ಪಿದರೆ ನಾಳೆ ಹೋಗಿ ಕೂತರೆ ಡಾಕ್ಟರು ನೋಡುತ್ತಾರೆ. ಆ ವಿಷಯದಲ್ಲಿ ನಮ್ಮೂರೇ ಮೇಲು, ಸಂಶಯವಿಲ್ಲ. ಇಲ್ಲಿ ಹಾಗಾಗುವುದಿಲ್ಲ. ಹಾಗಾಗಿ ಮನೆ ಬದಲಿಸಿದ ದಿನವೇ ಜಿಪಿಗೂ ಆಸ್ಪತ್ರೆಗೂ, ಎರಡೂ ಕಡೆ ವಿಳಾಸ ಕೊಡಿ. ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆ್ಯಪ್ ನೋಡುತ್ತಿರಿ. ಊರಿಗೆ ಟಿಕೆಟ್ ಮಾಡುವ ಮೊದಲೇ ಆಸ್ಪತ್ರೆಗೆ ಫೋನ್ ಮಾಡಿ, ಯಾವ ದಿನಗಳು ಇರುವುದಿಲ್ಲ ಅಂತ ಹೇಳಿ. ಮೊದಲೇ ಹೇಳಿ ದಿನ ಬದಲಿಸಿಕೊಳ್ಳುವುದು ಬೇರೆ, ಸುಮ್ನೆ ಹೋಗದೆ ಇರುವುದು ಬೇರೆ.

ಸರದಿ ಬಂದ ಮೇಲೆ ಮಾತ್ರ ಇಲ್ಲಿನ ವ್ಯವಸ್ಥೆಯೇ ನನಗೆ ಇಷ್ಟ. ಎಲುಬಿನ ಗಡ್ಡೆಗೆಂದೇ ಸ್ಟ್ಯಾನ್‌ಮೋರ್, ಬರ್ಮಿಂಗ್‌ಹ್ಯಾಮ್, ಆಕ್ಸ್‌ಫರ್ಡ್‌ನಂಥ ಕಡೆ ದೊಡ್ಡ ಕೇಂದ್ರಗಳಿವೆ. ವೀಸಾ ಜೊತೆ ಆರೋಗ್ಯ ಶುಲ್ಕ ಕಟ್ಟಿದವರಿಗೆ ಬಿಲ್ ಬರುವುದಿಲ್ಲ. ವಿಸಿಟರ್ ವೀಸಾದಲ್ಲಿ ಬಂದ ಅಣ್ಣನ ಮಗನಿಗೆ ಈ ಸೌಲಭ್ಯ ಇಲ್ಲ, ಸಾಮಾನ್ಯ ದರದ ಶೇ. 150ರಷ್ಟು ಕಟ್ಟಿಸಿಕೊಳ್ಳುತ್ತಾರೆ. ಅವನನ್ನು ಬೆಂಗಳೂರಿಗೋ ಹೈದರಾಬಾದಿಗೋ ಕರೆದುಕೊಂಡು ಹೋಗಲು ಹೇಳಿ.