ಏರ್ ಸಸ್ಪೆನ್ಷನ್ ಉಳಿಸಿಕೊಂಡೇ ಹಳೆ ರೇಂಜ್ ರೋವರನ್ನು ಕಚ್ಚಾ ದಾರಿಗೆ ಸಜ್ಜು ಮಾಡಿದ್ದು

ರಾತ್ರಿ ನೆಟ್ಟಗೆ ನಿಂತಿದ್ದ ಗಾಡಿ ಬೆಳಿಗ್ಗೆ ನೋಡಿದರೆ ಹಿಂದಿನ ಎಡ ಮೂಲೆಯಲ್ಲಿ ಕುಸಿದು ಕೂತಿತ್ತು. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: ಸ್ಪ್ರಿಂಗಿನ ಬದಲು ಗಾಡಿ ಹೊರುವ ಗಾಳಿ ತುಂಬಿದ ರಬ್ಬರ್ ಚೀಲ, ಅಂದರೆ ಏರ್ ಬ್ಯಾಗ್ ಎಲ್ಲಾ ಕಿತ್ತು ಹಾಕಿ, ಕಾಯಿಲ್ ಸ್ಪ್ರಿಂಗ್ ಹಾಕಿಸಿ, ನೆಮ್ಮದಿಯಾಗಿರಿ. ಒಂದು ವಾರ ಯೋಚನೆ ಮಾಡಿದೆ. ಕೊನೆಗೆ ಹಾಕಿಸಲಿಲ್ಲ. ಇವತ್ತಿಗೂ ಅದು ಸರಿಯಾದ ತೀರ್ಮಾನ ಅಂತಲೇ ನನಗೆ ಅನಿಸುತ್ತದೆ.

ನನ್ನದು 1998ರ ರೇಂಜ್ ರೋವರ್, 4.6 ಲೀಟರ್ ವಿ8. 1994ರಿಂದ 2002ರವರೆಗೆ ಬಂದ, ಪಿ38ಎ ಅಂತ ಕರೆಯುವ ಎರಡನೇ ತಲೆಮಾರು. ಒಳಗೆ ಚರ್ಮದ ಸೀಟು, ಮರದ ಪಟ್ಟಿ. ಬಗ್ಗಿ ಕೆಳಗೆ ನೋಡಿದರೆ ಹಿಂದೆ ಮುಂದೆ ಗಟ್ಟಿ ಆಕ್ಸಲ್, ದಪ್ಪ ಚಾಸಿ, ಜೊತೆಗೆ ನಿಧಾನಕ್ಕೆ ಜೋರಾಗಿ ಎಳೆಯುವ ಲೋ ರೇಂಜ್ ಗೇರು. ಕಾಡುದಾರಿಗೆ ಬೇಕಾದ ಮೂಳೆ ಮೊದಲೇ ಇದೆ. ಸವೆದಿದ್ದು ರಬ್ಬರು ಮಾತ್ರ.

ಏರ್ ಸಸ್ಪೆನ್ಷನ್ ಯಾಕೆ ಬಿಡಲಿಲ್ಲ ಅಂದರೆ, ಈ ಗಾಡಿಯಲ್ಲಿ ಬೇಕಾದಾಗ ಎತ್ತರ ಬದಲಿಸಬಹುದು. ಒಂದು ಬಟನ್ ಒತ್ತಿದರೆ ಬಾಡಿ ಸುಮಾರು 40 ಮಿ.ಮೀ. ಮೇಲೇರುತ್ತದೆ. ಹೊಟ್ಟೆ ನೆಲಕ್ಕೆ ಕೂತು ಚಕ್ರ ತೇಲಿದರೆ, ಸಿಸ್ಟಮ್ ತಾನಾಗಿಯೇ ಇನ್ನೂ ಸ್ವಲ್ಪ ಎತ್ತುತ್ತದೆ. ಹೆದ್ದಾರಿಗೆ ಬಂದು ವೇಗ ಹಿಡಿದರೆ ಕೆಳಗಿಳಿದು ನೆಲ ಕಚ್ಚಿ ಓಡುತ್ತದೆ. ಕಾಯಿಲ್ ಹಾಕಿದರೆ ಇದೆಲ್ಲ ಹೋಗಿ ಒಂದೇ ಎತ್ತರ ಉಳಿಯುತ್ತದೆ. ಯಾವಾಗಲೂ ಭಾರ ಹೊತ್ತು ಓಡುವ ಗಾಡಿಗೆ ಅದು ಸರಿ. ನನ್ನದು ಹಾಗಲ್ಲ.

ಸೋರಿಕೆ ಹುಡುಕೋದು ಕಷ್ಟವೇನಲ್ಲ, ತಾಳ್ಮೆ ಬೇಕು ಅಷ್ಟೇ. ಗಾಡಿಯನ್ನು ಎತ್ತರಕ್ಕೆ ಏರಿಸಿ, ಚಾಸಿ ಕೆಳಗೆ ಸ್ಟ್ಯಾಂಡ್ ಕೊಟ್ಟೆ. ಗಾಳಿಯ ಮೇಲೆ ನಿಂತ ಗಾಡಿಯ ಕೆಳಗೆ ಸ್ಟ್ಯಾಂಡ್ ಇಲ್ಲದೆ ತಲೆ ಹಾಕಲೇಬಾರದು, ಅದು ಯಾವ ಕ್ಷಣದಲ್ಲಾದರೂ ಇಳಿಯಬಹುದು. ಸೋಪಿನ ನೀರನ್ನು ಬ್ರಷ್‌ನಲ್ಲಿ ಬ್ಯಾಗಿನ ಸುತ್ತ ಹಚ್ಚಿದೆ. ಮೊದಲು ಏನೂ ಕಾಣಲಿಲ್ಲ. ಬ್ಯಾಗ್ ಕೆಳಗೆ ಮಡಚಿಕೊಳ್ಳುವ ಜಾಗದಲ್ಲಿ ಟಾರ್ಚ್ ಬಿಟ್ಟು ನೋಡಿದಾಗ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಏಳುತ್ತಿದ್ದವು. ಉಗುರಿನಿಂದ ಒತ್ತಿದರೆ ರಬ್ಬರಿನ ಬಿರುಕು ಬಾಯಿ ಬಿಡುತ್ತಿತ್ತು. ನಾಲ್ಕೂ ಬ್ಯಾಗ್ ಬದಲಿಸಿದೆ. ಬ್ಯಾಗುಗಳಿಗೆ ಗಾಳಿ ಹಂಚುವ ವಾಲ್ವ್ ಬ್ಲಾಕ್ ಬಿಚ್ಚಿದರೆ ಒಳಗಿನ ಓ-ರಿಂಗ್‌ಗಳು (ರಬ್ಬರ್ ಬಳೆಗಳು) ದುಂಡಗೆ ಇರುವ ಬದಲು ಚಪ್ಪಟೆಯಾಗಿದ್ದವು, ಅವನ್ನೂ ಹೊಸದು ಹಾಕಿದೆ. ಕಂಪ್ರೆಸರಿನ ಪಿಸ್ಟನ್ ಸೀಲ್ ಕೂಡ. ಆಮೇಲೆ ಎರಡು ವಾರ ನಿಲ್ಲಿಸಿದರೂ ಗಾಡಿ ಅಲುಗಾಡಲಿಲ್ಲ.

ಇನ್ನು ಟೈರು. ನನ್ನ ಅನುಭವದಲ್ಲಿ ನಿಜವಾದ ವ್ಯತ್ಯಾಸ ಬಂದದ್ದು ಇಲ್ಲೇ. ಸಸ್ಪೆನ್ಷನ್ ಎಷ್ಟೇ ಏರಿಸಿದರೂ ಮೇಲೇಳುವುದು ಬಾಡಿ ಮಾತ್ರ. ಆಕ್ಸಲ್ ನಡುವಿನ ಡಿಫರೆನ್ಷಿಯಲ್, ಅಂದರೆ ಎರಡು ಚಕ್ರಕ್ಕೆ ಶಕ್ತಿ ಹಂಚುವ ಗೇರಿನ ಉಂಡೆ, ಇದ್ದಲ್ಲೇ ಇರುತ್ತದೆ. ಅದನ್ನು ನೆಲದಿಂದ ಎತ್ತೋಕೆ ದೊಡ್ಡ ಟೈರು ಬಿಟ್ಟರೆ ಬೇರೆ ದಾರಿ ಇಲ್ಲ. ನನ್ನ ಗಾಡಿಯಲ್ಲಿದ್ದದ್ದು 255/55 ಆರ್18: ಅಗಲ 255 ಮಿ.ಮೀ., ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಅದರ ಶೇ. 55, ರಿಮ್ 18 ಇಂಚು. ಸೈಡ್‌ವಾಲ್ ಬರೀ 140 ಮಿ.ಮೀ. ಕಲ್ಲಿನ ದಾರಿಯಲ್ಲಿ ರಿಮ್ಮಿಗೇ ಪೆಟ್ಟು. 16 ಇಂಚಿನ ರಿಮ್ ಹುಡುಕಿ 265/70 ಆರ್16 ಆಲ್ ಟೆರೇನ್ ಹಾಕಿದೆ. ಸೈಡ್‌ವಾಲ್ 185 ಮಿ.ಮೀ. ಆಯ್ತು, ಆಕ್ಸಲ್ ಸುಮಾರು 20 ಮಿ.ಮೀ. ಮೇಲೆ ಬಂತು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರು ರೇಡಿಯಸ್ ಆರ್ಮ್‌ಗೆ (ಆಕ್ಸಲನ್ನು ಚಾಸಿಗೆ ಹಿಡಿದಿಡುವ ತೋಳಿಗೆ) ಉಜ್ಜುತ್ತಿತ್ತು. ಚಕ್ರ ಎಷ್ಟು ತಿರುಗಬೇಕೆಂದು ತಡೆಯುವ ಸ್ಟಾಪ್ ಬೋಲ್ಟನ್ನು ಸ್ವಲ್ಪ ಹೊರಗೆ ತಿರುಗಿಸಿ ಸರಿ ಮಾಡಿದೆ, ಗಾಡಿ ತಿರುಗಿಸೋಕೆ ಈಗ ಸ್ವಲ್ಪ ಜಾಸ್ತಿ ಜಾಗ ಬೇಕು. ಮೀಟರ್ 60 ತೋರಿಸಿದರೆ ನಿಜವಾದ ವೇಗ 63ರ ಹತ್ತಿರ, ಇದನ್ನು ಮರೆಯಬಾರದು.

ಟೈರಿನ ಪೂರ್ತಿ ಲಾಭ ಸಿಗೋದು ಗಾಳಿ ಇಳಿಸಿದಾಗ. ಮಳೆ ಬಿದ್ದ ಜೇಡಿಮಣ್ಣಿನ ಏರಿನಲ್ಲಿ ಎರಡು ಸಲ ಅರ್ಧಕ್ಕೇ ಜಾರಿ ವಾಪಸ್ ಬಂದೆ. ಮೂರನೇ ಸಲಕ್ಕೆ ಮುಂಚೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು 18 ಪಿಎಸ್ಐಗೆ ಇಳಿಸಿದೆ. ಗಾಳಿ ಹೋಗುತ್ತಿದ್ದ ಹಾಗೆ ಟೈರಿನ ಬುಡ ಹೊಟ್ಟೆ ಉಬ್ಬಿಸಿ ನೆಲದ ಮೇಲೆ ಉದ್ದಕ್ಕೆ ಹರಡಿಕೊಳ್ಳೋದು ಕಣ್ಣಿಗೇ ಕಾಣುತ್ತದೆ. ಲೋ ರೇಂಜ್, ಎರಡನೇ ಗೇರು, ಆಕ್ಸಲರೇಟರ್ ಒಂದೇ ಸಮ. ಗಾಡಿ ಸದ್ದಿಲ್ಲದೆ ಹತ್ತಿತು. ಇಳಿದು ಬಂದ ಮೇಲೆ ಅಲ್ಲೇ ಮತ್ತೆ ಗಾಳಿ ತುಂಬಿಸಬೇಕು, ಅದಕ್ಕೆ ಸಣ್ಣ ಕಂಪ್ರೆಸರ್ ಯಾವಾಗಲೂ ಡಿಕ್ಕಿಯಲ್ಲಿದೆ. ಕಮ್ಮಿ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಟೈರು ಕಾದು ಹಾಳಾಗುತ್ತದೆ.

ಈ ಗಾಡಿಗೆ ಮುಂದಿನ ಹಿಂದಿನ ಆಕ್ಸಲ್ ಒಟ್ಟಿಗೇ ತಿರುಗುವ ಹಾಗೆ ಬಿಗಿಯುವ ಸೆಂಟರ್ ಡಿಫ್ ಲಾಕ್ ಲಿವರ್ ಇಲ್ಲ. ಒಂದು ಕಡೆ ಚಕ್ರ ಜಾರಿದಾಗ ಆ ಕೆಲಸ ತಾನಾಗಿ ಮಾಡೋದು ವಿಸ್ಕಸ್ ಕಪ್ಲಿಂಗ್, ಒಳಗಿನ ದಪ್ಪ ದ್ರವದಿಂದ ತಡೆ ಕೊಡುವ ಭಾಗ. ಅದು ಸತ್ತಿದ್ದರೆ ಬೇರೆ ಏನು ಹಾಕಿಸಿದರೂ ಸುಮ್ನೆ ದಂಡ. ನಾನು ಹೀಗೆ ನೋಡಿದೆ: ಹ್ಯಾಂಡ್‌ಬ್ರೇಕ್ ಹಾಕಿ, ಉಳಿದ ಚಕ್ರಗಳಿಗೆ ಕಟ್ಟೆ ಕೊಟ್ಟು, ಗೇರು ನ್ಯೂಟ್ರಲ್‌ನಲ್ಲಿಟ್ಟು, ಮುಂದಿನ ಒಂದು ಚಕ್ರ ಎತ್ತಿ, ಉದ್ದದ ರಾಡಿನಿಂದ ತಿರುಗಿಸಿದೆ. ಗಟ್ಟಿಯಾಗಿ ತಡೆದರೂ ಒಂದೇ ಸಮ ಒತ್ತಿದರೆ ನಿಧಾನಕ್ಕೆ ತಿರುಗಬೇಕು. ಸಲೀಸಾಗಿ ತಿರುಗಿದರೆ ಕೆಲಸಕ್ಕೆ ಬಾರದು. ಒಂಚೂರೂ ಅಲುಗದಿದ್ದರೆ ಅಂಟಿಕೊಂಡಿದೆ ಅಂತ ಅರ್ಥ. ನನ್ನದು ಚೆನ್ನಾಗಿತ್ತು.

ಬಿಸಿಯ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳಲಿಲ್ಲ. ಈ ಇಂಜಿನ್ ಅಲ್ಯೂಮಿನಿಯಂ ಬ್ಲಾಕು, ಒಳಗೆ ಪಿಸ್ಟನ್ ಓಡಾಡುವ ಕಬ್ಬಿಣದ ಕೊಳವೆ, ಅಂದರೆ ಲೈನರು. ಒಂದು ಸಲ ಕುದಿದರೂ ಲೈನರ್ ಸಡಿಲವಾಗಬಹುದು. ಡ್ಯಾಶ್‌ಬೋರ್ಡಿನ ಮುಳ್ಳು ನಡುವಲ್ಲೇ ನಿಂತಿರುತ್ತದೆ, ಅದು ಏರೋ ಹೊತ್ತಿಗೆ ತಡವಾಗಿರುತ್ತದೆ. ಹೊಸ ರೇಡಿಯೇಟರ್ ಹಾಕಿಸಿ, ಸರಿಯಾದ ಅಂಕಿ ತೋರಿಸೋ ಬೇರೆ ಮೀಟರ್ ಕೂಡಿಸಿದೆ. ಸಿಕ್ಕಿಬಿದ್ದಾಗ ಹಗ್ಗ ಸುತ್ತಿ ಎಳೆಯುವ ವಿಂಚ್ ಬೇಡ ಅಂದದ್ದೂ ಇದಕ್ಕೇ: ಮೂತಿಗೆ ಭಾರ, ರೇಡಿಯೇಟರಿಗೆ ಬರೋ ಗಾಳಿಗೂ ಅಡ್ಡ.

ಆಕ್ಸಲ್ ಒಳಗಿನ ಗಾಳಿ ಹೋಗಿ ಬರುವ ಬ್ರೀದರ್ ಪೈಪುಗಳನ್ನು ಬಾನೆಟ್ ಒಳಗೆ ಎತ್ತರಕ್ಕೆ ತಂದು ಕಟ್ಟಿದೆ. ಕಾದ ಆಕ್ಸಲ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ, ಎಣ್ಣೆ ಬೆಳ್ಳಗೆ ನೊರೆಯಾಗುತ್ತದೆ. ಕೆಲಸ ಅರ್ಧ ದಿನದ್ದು. ಹೆಚ್ಚುವರಿ ಲೈಟಿಗೆ ಗಾಡಿಯ ವೈರನ್ನು ಎಲ್ಲೂ ಕತ್ತರಿಸಲಿಲ್ಲ. ಬ್ಯಾಟರಿಯಿಂದಲೇ ಬೇರೆ ಫ್ಯೂಸು, ಬೇರೆ ರಿಲೇ.

ಎಳೆಯುವ ಕೊಂಡಿ ಕೊನೆಯ ಕೆಲಸ. ಕೆಳಗೆ ಕಾಣೋ ಸಣ್ಣ ಕೊಂಡಿಗಳು ಗಾಡಿಯನ್ನು ಲಾರಿ ಮೇಲೆ ಬಿಗಿದು ಕಟ್ಟೋಕೆ ಇರೋವು. ಕೆಸರಲ್ಲಿ ಹೂತ, 2 ಟನ್‌ಗಿಂತ ಜಾಸ್ತಿ ತೂಕದ ಗಾಡಿಯನ್ನು ಅವಕ್ಕೆ ಹಗ್ಗ ಹಾಕಿ ಜಗ್ಗಿದರೆ ಕಿತ್ತು ಬರಬಹುದು, ಬಂದರೆ ಗುಂಡಿನ ಹಾಗೆ ಹಾರುತ್ತದೆ. ಟ್ರೇಲರ್ ಬಾಲ್‌ಗೂ ಹಗ್ಗ ಹಾಕಬಾರದು. ಚಾಸಿಗೇ ಬೋಲ್ಟ್ ಆಗುವ ಗಟ್ಟಿ ಕೊಂಡಿಗಳನ್ನು ಮುಂದೆ ಎರಡು, ಹಿಂದೆ ಎರಡು ಹಾಕಿಸಿದೆ. ಪ್ರತಿ ಸಲ ದಾರಿಗೆ ಇಳಿಯೋ ಮುಂಚೆ ಆ ಬೋಲ್ಟುಗಳಿಗೆ ಸ್ಪ್ಯಾನರ್ ಹಾಕಿ ನೋಡುತ್ತೇನೆ.