ಹುಣಸೆಹಣ್ಣು ಮುಟ್ಟಿಸಬೇಡಿ: ಹಳೇ ಬ್ರಿಟಿಷ್ ಪೆನ್ನಿಯ ದರ್ಜೆ ನೋಡುವ ಬಗೆ

ಕಳೆದ ದೀಪಾವಳಿಗೆ ಪರಿಚಯದವರ ಮನೆಗೆ ಹೋಗಿದ್ದೆ. ಲಂಡನ್ನಿನಲ್ಲಿರುವ ಮಗ ತಂದುಕೊಟ್ಟ ಇಪ್ಪತ್ತು ಮೂವತ್ತು ಹಳೇ ಪೆನ್ನಿಗಳನ್ನು ತಟ್ಟೆಯಲ್ಲಿ ಹರಡಿ ತೋರಿಸಿದರು. ಎಲ್ಲವೂ ಈಗಷ್ಟೇ ಬೆಳಗಿದ ತಾಮ್ರದ ಚೊಂಬಿನಂತೆ ಫಳಫಳ ಅನ್ನುತ್ತಿದ್ದವು. ಹಿಂದಿನ ದಿನ ದೇವರ ಪಾತ್ರೆಗಳ ಜೊತೆಗೇ ಹುಣಸೆಹಣ್ಣು ಹಾಕಿ ತಿಕ್ಕಿದ್ದರಂತೆ. ಅದರಲ್ಲೊಂದು 1875ರ ಪೆನ್ನಿ. ಇಸವಿಯ ಕೆಳಗೆ ಪುಟ್ಟ ‘ಎಚ್’ ಅಕ್ಷರ, ಅಂದರೆ ಬರ್ಮಿಂಗ್‌ಹ್ಯಾಮ್‌ನ ಹೀಟನ್ ಟಂಕಸಾಲೆಯದು, ಸುಲಭಕ್ಕೆ ಸಿಗುವುದಲ್ಲ. ವಿಕ್ಟೋರಿಯಾ ರಾಣಿಯ ತುರುಬಿನ ಎಳೆಗಳನ್ನು ಇನ್ನೂ ಎಣಿಸಬಹುದಿತ್ತು. ಮೈಬಣ್ಣ ಮಾತ್ರ ಹೊಸದಾಗಿ ಸುಲಿದ ಚರ್ಮದ ಹಾಗೆ ಗುಲಾಬಿ. ನನ್ನ ಕರುಳು ಚುರುಕ್ಕೆಂದಿತು. ಅದರ ಹಳೇ ಬಣ್ಣವನ್ನು ಇನ್ನು ಯಾರೂ ವಾಪಸು ತರಲಾರರು.

ಈ ಹವ್ಯಾಸಕ್ಕೆ ಇಳಿಯುವವರಿಗೆ ನಾನು ಹೇಳುವುದು ಒಂದೇ: ಕಂಚಿನ ಪೆನ್ನಿಯಿಂದ ಶುರುಮಾಡಿ. 1860ರಲ್ಲಿ ತಾಮ್ರದ ಬದಲು ಕಂಚು ಬಂತು. 1971ರ ಫೆಬ್ರವರಿ 15ರಂದು ದಶಮಾಂಶ ಪದ್ಧತಿ ಬರುವವರೆಗೂ ಹನ್ನೆರಡು ಪೆನ್ನಿಗೆ ಒಂದು ಶಿಲಿಂಗ್, ಇಪ್ಪತ್ತು ಶಿಲಿಂಗಿಗೆ ಒಂದು ಪೌಂಡ್ ಲೆಕ್ಕವೇ ನಡೆಯಿತು. ಹಾಗಾಗಿ ಪೆನ್ನಿಗಳು ರಾಶಿಗಟ್ಟಲೆ ಉಳಿದಿವೆ, ಅಗ್ಗ, ಸುಮಾರು 31 ಮಿಲಿಮೀಟರ್ ಅಗಲ ಇರುವುದರಿಂದ ಕಣ್ಣಿಗೂ ಆರಾಮ. ಕರಾವಳಿಯವರು ‘ಪವನ್’ ಎಂದು ಇವತ್ತಿಗೂ ಲೆಕ್ಕ ಹಾಕುವ ಸವರನ್ ಎಂಬ ಚಿನ್ನದ ನಾಣ್ಯದಿಂದ ಆರಂಭಿಸಬೇಡಿ. ಅದರ ಬೆಲೆ ಬಹುಪಾಲು ಚಿನ್ನದ ಬೆಲೆ, ನಕಲಿಯೂ ಹೇರಳ. ದರ್ಜೆ, ಅಂದರೆ ನಾಣ್ಯ ಎಷ್ಟು ಸವೆದಿದೆ ಎಂಬುದನ್ನು ನೋಡುವ ಕಣ್ಣು ಅದರಲ್ಲಿ ಬೆಳೆಯುವುದಿಲ್ಲ.

ಬೇಕಾದ ಸಾಮಾನು: ಐದು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಒಂದೇ ಬಲ್ಬಿನ ಟೇಬಲ್ ಲ್ಯಾಂಪ್, ಕೆಳಗೆ ಹಾಸಲು ಮೆತ್ತನೆ ಬಟ್ಟೆ, ಸಣ್ಣ ಡಿಜಿಟಲ್ ತಕ್ಕಡಿ. ಪೆನ್ನಿ ಸುಮಾರು 9.4 ಗ್ರಾಂ ತೂಗಬೇಕು, ಅಯಸ್ಕಾಂತಕ್ಕೆ ಅಂಟಬಾರದು.

ನಾಣ್ಯ ಯಾರ ಕಾಲದ್ದು ಎಂದು ಗುರುತಿಸುವುದು ಸುಲಭ, ಇಸವಿ ಮೇಲೇ ಇರುತ್ತದೆ. ತುರುಬು ಕಟ್ಟಿದ ವಿಕ್ಟೋರಿಯಾ 1894ರವರೆಗೆ, ತಲೆಮೇಲೆ ಸೆರಗು ಹೊದ್ದ ಮುದಿ ವಿಕ್ಟೋರಿಯಾ 1895ರಿಂದ 1901, ಆಮೇಲೆ ಏಳನೇ ಎಡ್ವರ್ಡ್, 1911ರಿಂದ ಐದನೇ ಜಾರ್ಜ್, 1937ರಿಂದ ಆರನೇ ಜಾರ್ಜ್. ಜಾರ್ಜ್‌ಗಳ ನಾಣ್ಯದಲ್ಲಿ ತಲೆಯ ಸುತ್ತಲಿನ ಬರಹವನ್ನೂ ಓದಿ. 1948ರವರೆಗೆ ‘ಇಂಡ್ ಇಂಪ್’ ಎಂದಿರುತ್ತದೆ, ಭಾರತದ ಚಕ್ರವರ್ತಿ ಎಂದು ಅರ್ಥ. ನಮಗೆ ಸ್ವಾತಂತ್ರ್ಯ ಬಂದ ಮೇಲೆ, 1949ರ ಪೆನ್ನಿಯಿಂದ ಆ ಎರಡು ಪದ ಹೋದವು. ಈ ಎರಡು ವರ್ಷದ ಪೆನ್ನಿಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳದ ಭಾರತೀಯ ಸಂಗ್ರಾಹಕ ಇರಬಾರದು.

ಇನ್ನು ಎಲ್ಲರೂ ಎಡವುವ ಜಾಗಕ್ಕೆ ಬರೋಣ, ದರ್ಜೆ. ಬ್ರಿಟನ್ನಿನವರು ದರ್ಜೆಯನ್ನು ಪದಗಳಲ್ಲಿ ಹೇಳುತ್ತಾರೆ: ಫೇರ್, ಗುಡ್, ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್, ಅನ್‌ಸರ್ಕ್ಯುಲೇಟೆಡ್. ಪದಗಳನ್ನು ನಂಬಿ ಮೋಸಹೋಗಬೇಡಿ. ‘ಗುಡ್’ ಅಂದರೆ ಮುಖದ ಹೊರಗೆರೆ ಬಿಟ್ಟು ಏನೂ ಉಳಿಯದ ನಾಣ್ಯ. ‘ಫೈನ್’ ಕೂಡ ಚೆನ್ನಾಗಿಯೇ ಸವೆದದ್ದು.

ಲ್ಯಾಂಪನ್ನು ಒಂದು ಬದಿಗಿಟ್ಟು, ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿದು, ನಿಧಾನವಾಗಿ ಓರೆ ಮಾಡುತ್ತಾ ಹೋಗಿ. ಮೊದಲು ಭೂತಗನ್ನಡಿ ಬೇಡ, ಬರಿಗಣ್ಣು ಸಾಕು. ತುರುಬಿನ ಪೆನ್ನಿಯಲ್ಲಿ ಮೊದಲು ಸವೆಯುವುದು ಕಿವಿಯ ಮೇಲಿನ ಕೂದಲು, ಹುಬ್ಬು, ತುರುಬಿನ ಉಬ್ಬು. ಹಿಂಬದಿಯಲ್ಲಿ ತ್ರಿಶೂಲ ಹಿಡಿದು ಕೂತ, ಬ್ರಿಟನ್ನಿನ ಪ್ರತೀಕವಾದ ಬ್ರಿಟಾನಿಯಾ ದೇವಿಯ ಎದೆ, ಮೊಣಕಾಲು, ಶಿರಸ್ತ್ರಾಣ. ಕಿವಿಯ ಮೇಲಿನ ಕೂದಲು ಒಂದೇ ಮುದ್ದೆಯಾಗಿ, ತಲೆಯ ಉಳಿದ ಭಾಗದಲ್ಲಿ ಎಳೆಗಳು ಅಲ್ಲಲ್ಲಿ ಕಂಡರೆ ಫೈನ್. ಎಳೆಗಳು ಬಹುತೇಕ ಬಿಡಿಬಿಡಿಯಾಗಿದ್ದು ತುದಿ ಮಾತ್ರ ಚಪ್ಪಟೆಯಾಗಿದ್ದರೆ ವೆರಿ ಫೈನ್. ಸವೆತವನ್ನು ಹುಡುಕಿದರೆ ಮಾತ್ರ ಸಿಗುವಂತಿದ್ದರೆ ಎಕ್ಸ್‌ಟ್ರೀಮ್ಲಿ ಫೈನ್. ಸವೆತವೇ ಇಲ್ಲದಿದ್ದರೆ ಅನ್‌ಸರ್ಕ್ಯುಲೇಟೆಡ್. ಇದರಲ್ಲೂ ಚೀಲದಲ್ಲಿ ಒಂದಕ್ಕೊಂದು ತಾಗಿದ ಗಾಯಗಳಿರಬಹುದು, ಅದು ಸವೆತವಲ್ಲ. ಎರಡು ಬದಿಗೆ ಎರಡು ದರ್ಜೆ ಬಂದರೆ ಕೆಳಗಿನದನ್ನೇ ಬರೆದುಕೊಳ್ಳಿ. ಕೊಳ್ಳುವಾಗ ಬೆಲೆಗೆ ಅದೇ ಆಧಾರವಾಗಲಿ.

ಐದನೇ ಜಾರ್ಜ್ ಪೆನ್ನಿಯಲ್ಲಿ ಇಷ್ಟು ಸಾಲದು. ಇಲ್ಲಿ ರಾಜನ ತಲೆಯ ಅಚ್ಚು ಬಹಳ ಆಳ. ಲೋಹವನ್ನೆಲ್ಲ ಅದೇ ಎಳೆದುಕೊಂಡು ಹಿಂಬದಿಯ ಬ್ರಿಟಾನಿಯಾಗೆ ಸಾಲದೆ ಹೋಗುತ್ತಿತ್ತು. ಹಲವು ನಾಣ್ಯಗಳಲ್ಲಿ ಅವಳ ಸುತ್ತ ರಾಜನ ತಲೆಯ ನೆರಳು ಮಸುಕಾಗಿ ಕಾಣುತ್ತದೆ. 1928ರಿಂದ ತಲೆ ಚಿಕ್ಕದಾದ ಮೇಲೆ ಈ ತೊಂದರೆ ತಗ್ಗಿತು. ಹಾಗಾಗಿ ಬ್ರಿಟಾನಿಯಾಳ ಎದೆ ಚಪ್ಪಟೆ ಇದೆ ಎಂದ ಮಾತ್ರಕ್ಕೆ ಸವೆದಿದೆ ಎನ್ನಬೇಡಿ, ಅಚ್ಚೇ ಸರಿಯಾಗಿ ಬೀಳದಿರಬಹುದು. ವ್ಯತ್ಯಾಸ ತಿಳಿಯಲು ಬೆಳಕಿನ ಕೆಳಗೆ ನಾಣ್ಯ ತಿರುಗಿಸಿ. ಸವೆದ ಜಾಗ ಸುತ್ತಲಿನ ಬಯಲಿಗಿಂತ ಬೇರೆ ಬಣ್ಣದಲ್ಲಿ, ಮಂಕಾಗಿ ನಿಲ್ಲುತ್ತದೆ. ಹೊಳಪು ಅಲ್ಲಿಗೆ ಬಂದು ಕಡಿದುಹೋಗುತ್ತದೆ. ಅಚ್ಚು ಬೀಳದ ಜಾಗದ ಮೇಲೆ ಹೊಳಪು ತಡೆಯಿಲ್ಲದೆ ಹರಿದುಹೋಗುತ್ತದೆ, ಅಂಚು ಮತ್ತು ಅಕ್ಷರಗಳು ಚೂಪಾಗಿಯೇ ಇರುತ್ತವೆ. ಇದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. ಫೋನಿನಲ್ಲಿ ಫೋಟೊ ತೆಗೆದರೆ ದರ್ಜೆ ಹೇಳುವ ಆ್ಯಪ್‌ಗಳಿಗೆ ಇದು ಗೊತ್ತಾಗುವುದಿಲ್ಲ, ಹೊಳಪು ಒಂದು ಫೋಟೊದಲ್ಲಿ ಹರಿಯುವುದಿಲ್ಲವಲ್ಲ.

ತಿಕ್ಕಿದ ನಾಣ್ಯವೂ ಇದೇ ಓರೆ ಬೆಳಕಿನಲ್ಲಿ ಸಿಕ್ಕಿಬೀಳುತ್ತದೆ. ಕೂದಲಿನಷ್ಟು ಸಣ್ಣ ಗೀರುಗಳು ಒಂದೇ ದಿಕ್ಕಿಗೆ ಓಡುತ್ತವೆ, ಬಣ್ಣ ಎಲ್ಲೆಡೆ ಒಂದೇ ಸಮ ಪೇಲವ. ಕಪ್ಪಾಗಿದೆ ಎಂದು ಉಜ್ಜಲೇ ಬೇಡಿ. 1934, 1935 ಮತ್ತು 1944ರಿಂದ 1946ರ ಪೆನ್ನಿಗಳನ್ನು ಟಂಕಸಾಲೆಯವರೇ ರಾಸಾಯನಿಕ ಹಾಕಿ ಕಪ್ಪು ಮಾಡಿದ್ದರು. ಅದು ಕೊಳೆಯಲ್ಲ. ಹುಣಸೆ, ನಿಂಬೆ, ಪಾತ್ರೆ ಪುಡಿ, ಬೆಳ್ಳಿ ಶಿಲಿಂಗಿಗೆ ವಿಭೂತಿ, ಟೂತ್‌ಪೇಸ್ಟ್ ಯಾವುದೂ ಬೇಡ. ಎಣ್ಣೆಜಿಡ್ಡು ಅಥವಾ ಟೇಪಿನ ಅಂಟು ಇದ್ದರೆ ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಿಂದ ಶುದ್ಧ ಅಸಿಟೋನ್ ತಂದು, ಕಿಟಕಿ ತೆರೆದು, ಒಲೆ ದೀಪಗಳಿಂದ ದೂರ, ಗಾಜಿನ ಬಟ್ಟಲಲ್ಲಿ ಹತ್ತು ನಿಮಿಷ ಮುಳುಗಿಸಿ ತೆಗೆಯಿರಿ. ಒರೆಸಬೇಡಿ, ತಾನೇ ಆರುತ್ತದೆ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಸುಗಂಧ, ಎಣ್ಣೆ ಬೆರೆತಿರುತ್ತದೆ, ಅದು ಆಗದು.

ಇಡುವಾಗ ಮೆತ್ತನೆ ಪಿವಿಸಿ ಪ್ಲಾಸ್ಟಿಕ್ಕಿನ ಆಲ್ಬಂ ಕೊಳ್ಳಬೇಡಿ. ಕೆಲವು ವರ್ಷಕ್ಕೆ ನಾಣ್ಯದ ಮೇಲೆ ಹಸಿರು ಅಂಟು ಕೂರುತ್ತದೆ, ಲೋಹವನ್ನೇ ತಿನ್ನುತ್ತದೆ. ಆಮ್ಲರಹಿತ ಕಾಗದದ ಲಕೋಟೆ ಸಾಕು. ಕರಾವಳಿ, ಮಲೆನಾಡಿನವರು ಡಬ್ಬಿಯೊಳಗೆ ಸಿಲಿಕಾ ಜೆಲ್ ಇಟ್ಟು ಮಳೆಗಾಲದಲ್ಲಿ ಪದೇಪದೇ ಬದಲಿಸಬೇಕು. ಲಕೋಟೆಯ ಮೇಲೆ ಇಸವಿ, ಕೊಂಡ ಬೆಲೆ ಮತ್ತು ನೀವು ಕೊಟ್ಟ ದರ್ಜೆಯನ್ನು ಪೆನ್ಸಿಲಿನಲ್ಲಿ ಬರೆಯಿರಿ. ಆರು ತಿಂಗಳು ಬಿಟ್ಟು, ಬರೆದದ್ದನ್ನು ನೋಡದೆ ಮತ್ತೆ ದರ್ಜೆ ಹೇಳಿ. ಎರಡೂ ತಾಳೆಯಾಗದ ನಾಣ್ಯಗಳನ್ನು ಮಾತ್ರ ಮತ್ತೆ ಲ್ಯಾಂಪಿನ ಕೆಳಗೆ ತನ್ನಿ.